ಕಿರ್ದಿಯಲ್ಲಿ ಅಳಿಸುವಂತಿಲ್ಲ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹೊಸಬರನ್ನು ಗುರುತಿಸಲು ಕಷ್ಟಪಡಬೇಕಿಲ್ಲ, ಅವರು ಕೆಮ್ಮುತ್ತಿರುತ್ತಾರೆ. ಸೋಮವಾರ ಮತ್ತು ಗುರುವಾರ ಇಲ್ಲಿ ಮಾರ್ಕೆಟ್ ದಿನ. ಸುಗ್ಗಿ ಜೋರಿದ್ದಾಗ ಒಂದೇ ದಿನಕ್ಕೆ ಲಕ್ಷಕ್ಕೂ ಮೀರಿ ಚೀಲ ಬಂದು ಬೀಳುವುದುಂಟು. ಹನ್ನೆರಡು ವರ್ಷದ ಹಿಂದೆ ನಾನೂ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ತೂಗುಹಾಕಿಕೊಂಡು, ಇಲ್ಲಿಯ ದಲಾಲಿ ಅಂಗಡಿಯೊಂದರ ಕಟ್ಟೆ ಹತ್ತಿದ್ದೆ. ಬೆಂಗಳೂರಿನಲ್ಲಿ ಆರು ವರ್ಷ ಕೋಡ್ ಬರೆದು ರಾಣೆಬೆನ್ನೂರಿಗೆ ವಾಪಸಾದವನು. ಅಂಗಡಿಯ ಲೆಕ್ಕಕ್ಕೆ ತಂತ್ರಾಂಶ ಮಾಡಿಕೊಡಬೇಕಿತ್ತು. ಜೇಬಿನಲ್ಲಿ ಹೆಚ್ಚು ದುಡ್ಡಿರಲಿಲ್ಲ, ತಲೆಯಲ್ಲಿ ಮಾತ್ರ ನಿಯಮಗಳ ದೊಡ್ಡ ಗಂಟೇ ಇತ್ತು. ಒಂದೇ ಮಾತನ್ನು ಎರಡು ಕಡೆ ಬರೆಯಬಾರದು. ಮೊದಲು ಟೆಸ್ಟ್ ಬರೆ, ಆಮೇಲೆ ಕೋಡ್. ವೇಗದ ಚಿಂತೆ ಕಡೆಗಿರಲಿ. ದೊಡ್ಡದನ್ನು ಒಡೆದು ಸಣ್ಣಸಣ್ಣದು ಮಾಡು. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಕೊಡು. ಇವನ್ನೆಲ್ಲ ಯಾರು, ಎಲ್ಲಿ ಕೂತು, ಯಾವ ಪೆಟ್ಟು ತಿಂದು ಹೇಳಿದರು ಎಂದು ನಾನು ಕೇಳಿದವನೇ ಅಲ್ಲ. ಮಡಿಯ ಹಾಗೆ ಪಾಲಿಸುತ್ತಿದ್ದೆ.

ಮೊದಲ ದಿನ ನನ್ನ ಕಣ್ಣು ಲೆಕ್ಕದ ಪುಸ್ತಕಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಖರೀದಿದಾರನೊಬ್ಬನ ಕೈ ಮೇಲೆ. ಬಾಯಿ ಬಿಚ್ಚಿದ ಚೀಲಕ್ಕೆ ಆತ ಮೊಣಕೈತನಕ ಕೈ ಇಳಿಸಿದ. ಮೇಲಿನ ಕಾಯಿ ಯಾವಾಗಲೂ ಚೆಂದವೇ ಇರುತ್ತದೆ, ತಳದಿಂದ ಒಂದು ಹಿಡಿ ಎಳೆಯಬೇಕು. ಎಳೆದದ್ದರಲ್ಲಿ ಒಂದನ್ನು ಬಗ್ಗಿಸಿದ. ಮುರಿಯದೆ ಬಾಗಿದರೆ ಹಸಿ ಇದೆ ಎಂದರ್ಥ. ಕಿವಿ ಹತ್ತಿರ ಹಿಡಿದು ಅಲುಗಾಡಿಸಿ ಬೀಜದ ಸದ್ದು ಕೇಳಿದ. ಸಿಪ್ಪೆಯ ನೆರಿಗೆ ನೋಡಿದ, ಬೆಳಕಿಗೆ ಹಿಡಿದು ಬಣ್ಣ ನೋಡಿದ. ಬ್ಯಾಡಗಿ ಕಾಯಿಗೆ ಬೆಲೆ ಇರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದೂ ಆ ಸುಕ್ಕುಗಟ್ಟಿದ ಕಡುಗೆಂಪಿಗೇ. ಇದರಿಂದ ತೆಗೆದ ಓಲಿಯೋರೆಸಿನ್ ಊಟದ ಬಣ್ಣಕ್ಕೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ. ಇಷ್ಟೆಲ್ಲ ಮುಗಿಸಲು ಆತನಿಗೆ ಹತ್ತು ಹನ್ನೆರಡು ಸೆಕೆಂಡು ಸಾಕಾಯಿತು. ಅಂಗೈ ಮರೆಮಾಡಿ ಚಿಕ್ಕ ಪುಸ್ತಕದಲ್ಲಿ ಒಂದು ಅಂಕಿ ಗೀಚಿ ಮುಂದಿನ ಲಾಟಿಗೆ ಹೊರಟ.

ಕಂಪ್ಯೂಟರ್ ಶುರುವಾಗುವುದು ಆಮೇಲೆ. ಒಂದು ಕಾಲಕ್ಕೆ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಅಷ್ಟೂ ಚೀಟಿ ಬಿಚ್ಚಿ, ಹೊಂದಿಸಿ, ಯಾವ ಲಾಟಿಗೆ ಯಾರದು ಹೆಚ್ಚು ಎಂದು ನೋಡುವುದೇ ದೊಡ್ಡ ಕೆಲಸ. ಇ-ಟೆಂಡರ್ ಬಂದ ಮೇಲೆ ಖರೀದಿದಾರರು ಲಾಟ್ ನಂಬರಿನ ಎದುರು ದರ ತುಂಬುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ವೇಳೆ ಮುಗಿದ ಕೂಡಲೇ ಯಂತ್ರ ಅತಿ ಹೆಚ್ಚಿನ ದರವನ್ನು ಆರಿಸಿ ತೋರಿಸುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಬಳಗ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಕಂಪನಿ ರಾಜ್ಯದ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಯಡಿ ತರತೊಡಗಿತು. 2016ರ ಏಪ್ರಿಲ್ 14ಕ್ಕೆ ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ವೇದಿಕೆ ಇ-ನಾಮ್ ಬಂತು.

ನನ್ನ ಕಣ್ಣಿಗೆ ಈ ಇ-ಟೆಂಡರಿನ ಜಾಣತನ ಅದು ಮಾಡದೆ ಬಿಟ್ಟ ಕೆಲಸದಲ್ಲಿದೆ. ಚೀಲದೊಳಗಿನ ಕೈಗೆ ಅದು ಕೈ ಹಾಕಲಿಲ್ಲ. ಚೀಟಿ ಬಿಚ್ಚುವ ಕೆಲಸವನ್ನಷ್ಟೇ ತೆಗೆದುಕೊಂಡಿತು. ಬೆಂಗಳೂರಿನಲ್ಲಿ ನಾನು ಕಲಿತದ್ದು ಇದಕ್ಕೆ ತದ್ವಿರುದ್ಧ. ಡಿಜಿಟಲ್ ಮಾಡುವುದಾದರೆ ಬುಡದಿಂದ ತುದಿವರೆಗೆ ಮಾಡು, ನಡುವೆ ಮನುಷ್ಯನ ಕೈ ಉಳಿದರೆ ಅದು ಸೋಲು ಎಂಬುದು ಅಲ್ಲಿಯ ನಂಬಿಕೆ. ದೂರದ ಊರಿನ ವ್ಯಾಪಾರಿ ಕಾಯಿ ಮುಟ್ಟದೇ ಕೊಳ್ಳಬೇಕೆಂದರೆ ಆ ನಂಬಿಕೆಗೆ ಅರ್ಥವಿದೆ, ಆಗ ಪ್ರಯೋಗಾಲಯದ ದರ್ಜೆ ಬೇಕೇ ಬೇಕು. ಕೊಳ್ಳುವವನು ಚೀಲದ ಎದುರೇ ನಿಂತಿದ್ದಾಗ, ಸಾವಿರಾರು ಲಾಟು ಮಧ್ಯಾಹ್ನದೊಳಗೆ ಮುಗಿಯಬೇಕಾದಾಗ, ಬಣ್ಣ, ತೇವಾಂಶ, ತೊಟ್ಟು ಎಂದು ಇಪ್ಪತ್ತು ಕಾಲಮ್ಮಿನ ಫಾರ್ಮು ತುಂಬುವುದು ಯಾರ ಉಪಕಾರಕ್ಕೆ?

ಆ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ. ನಾನು ಇಪ್ಪತ್ತು ಕಾಲಮ್ಮಿನ ಪಾರ್ಟಿಯವನೇ.

ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ದೀಪಾವಳಿಗೆ ಪೂಜೆ ಮಾಡಿ ತೆರೆದ ಉದ್ದನೆಯ ಕಿರ್ದಿ, ಪಕ್ಕದಲ್ಲಿ ಖಾತೆವಹಿ. ದಿನದಲ್ಲಿ ನಡೆದದ್ದೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ. ಸಂಜೆ ಅಲ್ಲಿಂದ ಒಬ್ಬೊಬ್ಬರ ಖಾತೆಗೆ ಹೋಗುತ್ತದೆ. ನಾನು ಮಾಡಿದ ಮೊದಲ ಪರದೆಯನ್ನು ಹೆಮ್ಮೆಯಿಂದ ಅವರೆದುರು ತೆರೆದೆ. ಡೇಟಾಬೇಸ್ ಪಾಠದ ಮೊದಲ ಪುಟ ಹೇಳುವ ಹಾಗೆ ಪ್ರತಿ ಸಾಲಿನ ಮುಂದೆ ನಾಲ್ಕು ಗುಂಡಿ ಇಟ್ಟಿದ್ದೆ: ಸೇರಿಸು, ನೋಡು, ತಿದ್ದು, ಅಳಿಸು.

ಕಾಕಾ ಕನ್ನಡಕ ಏರಿಸಿ ನಾಲ್ಕನೆಯದರ ಮೇಲೆ ಬೆರಳಿಟ್ಟರು. “ಇದು ಯಾಕ ತಮ್ಮಾ?”

“ತಪ್ಪು ಬಿದ್ರ ತೆಗ್ಯಾಕ ಬೇಕಲ್ರಿ ಕಾಕಾ.”

“ತಪ್ಪು ಬಿದ್ರ ತಪ್ಪು ಬಿದ್ದೈತಿ ಅಂತ ಕೆಳಗ ಇನ್ನೊಂದು ಸಾಲು ಬರೀತೀವಿ. ಜಮಾ ಆಗಿದ್ದು ಖರ್ಚು ಹಾಕ್ತೀವಿ. ಕಿರ್ದ್ಯಾಗ ಅಳಸಾಂಗಿಲ್ಲ. ಅಳಿಸಿದ್ರ ಅದು ಕಿರ್ದಿ ಅಲ್ಲ, ಪಾಟಿ.”

ಮೂರನೆಯ ಗುಂಡಿಗೂ ಅದೇ ಗತಿಯಾಯಿತು. ತಿದ್ದಿದರೆ ಮೊದಲಿದ್ದದ್ದು ಎಲ್ಲಿ ಹೋಯಿತು ಎಂದು ನಾಳೆ ರೈತ ಬಂದು ಕೇಳಿದರೆ ಏನು ತೋರಿಸುವುದು? ಎರಡು ಗುಂಡಿ ಕಿತ್ತು ಹಾಕಿ ಮನೆಗೆ ಬಂದೆ. ಕೆಲವು ವರ್ಷದ ಮೇಲೆ ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ‘ಇವೆಂಟ್ ಸೋರ್ಸಿಂಗ್’ ಎಂಬ ವಿಧಾನದ ಬಗ್ಗೆ ಉತ್ಸಾಹದಿಂದ ವಿವರಿಸಿದ. ನಡೆದದ್ದನ್ನು ಅಳಿಸಬಾರದಂತೆ, ಸಾಲಾಗಿ ಸೇರಿಸುತ್ತ ಹೋಗಬೇಕಂತೆ, ಈಗಿನ ಸ್ಥಿತಿಯನ್ನು ಆ ಸಾಲುಗಳಿಂದ ಲೆಕ್ಕ ಹಾಕಿ ತೆಗೆಯಬೇಕಂತೆ. ಅದನ್ನು ಕಲಿಯಲು ಎರಡು ದಿನದ ತರಬೇತಿಗೆ ದುಡ್ಡು ಕಟ್ಟಿ ಬಂದಿದ್ದ. ಕಾಕಾಗೆ ಹೇಳಿದರೆ ನಗುತ್ತಾರೆ ಎಂದು ಹೇಳಲಿಲ್ಲ.

ಇಷ್ಟಕ್ಕೇ ಹಳೆಯದೆಲ್ಲ ಸರಿ, ಪುಸ್ತಕದ್ದೆಲ್ಲ ಸುಳ್ಳು ಎಂದುಕೊಂಡರೆ ಅದೂ ಒಂದು ಮಡಿಯೇ. ನಾನು ಆ ಕಡೆಗೂ ಜಾರಿ ಬಿದ್ದಿದ್ದೇನೆ. ದುಡ್ಡಿನ ಲೆಕ್ಕಕ್ಕೆ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ ಬಳಸಬಾರದು ಎಂಬುದು ಎಲ್ಲರೂ ಹೇಳುವ ಮಾತು. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸುತ್ತದೆ. ನಮಗೆ ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಪೂರ್ತಿ ಬರೆಯಲು ಬಾರದ ಹಾಗೆ ಅದಕ್ಕೆ ಹತ್ತನೇ ಒಂದು ಭಾಗವನ್ನು ಪೂರ್ತಿ ಬರೆಯಲು ಬರುವುದಿಲ್ಲ, ಹತ್ತು ಪೈಸೆಯನ್ನು ಇಪ್ಪತ್ತು ಪೈಸೆಗೆ ಕೂಡಿಸಿದರೆ ಮೂವತ್ತಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಪೈಸೆ ಯಾರು ಕೇಳುತ್ತಾರೆ ಎಂದು ಅಸಡ್ಡೆ ಮಾಡಿದೆ. ಸುಗ್ಗಿಯ ಒಂದು ಸಂಜೆ ನನ್ನ ಮೊತ್ತಕ್ಕೂ ಕಾಕಾನ ಮೊತ್ತಕ್ಕೂ ಮೂರು ಪೈಸೆ ವ್ಯತ್ಯಾಸ ಬಂತು. ಮೂರು ರೂಪಾಯಿ ಹೋಗಿದ್ದರೆ ಜೇಬಿನಿಂದ ಹಾಕಿ ಮುಗಿಸುತ್ತಿದ್ದರೇನೋ. ಮೂರು ಪೈಸೆಗೆ ರಾತ್ರಿ ಹತ್ತೂವರೆವರೆಗೆ ಅಂಗಡಿಯ ಬಾಗಿಲು ತೆರೆದೇ ಇತ್ತು. ಮರುದಿನ ಎಲ್ಲವನ್ನೂ ಪೂರ್ಣಾಂಕದ ಪೈಸೆಗೆ ತಿರುಗಿಸಿದೆ. ಈ ನಿಯಮ ಬ್ಯಾಡಗಿಯಲ್ಲೂ ನಡೆಯುತ್ತದೆ, ಯಾಕೆಂದರೆ ಅದು ಹುಟ್ಟಿದ ಕಾರಣ ಬ್ಯಾಡಗಿಯಲ್ಲೂ ಇದೆ.

ಹಮಾಲಿಯ ಕಥೆ ಬೇರೆ.

ಮಾರಾಟದ ಮೇಲೆ ರೈತನಿಗೆ ಕೊಡುವ ಪಟ್ಟಿಯಲ್ಲಿ ಹಮಾಲಿ ಎಂದು ಒಂದು ಸಾಲು, ತೂಕದ ಖರ್ಚು ಎಂದು ಇನ್ನೊಂದು. ಎರಡೂ ಚೀಲಕ್ಕೆ ಇಷ್ಟು ಎಂಬ ಲೆಕ್ಕ. ಚೀಲ ಗುಣಿಸು ದರ, ಕೋಡಿನಲ್ಲಿ ಎರಡೂ ಕಡೆ ಅವೇ ನಾಲ್ಕು ಸಾಲು. ನನ್ನ ಕೈ ತುರಿಸಿತು. ಒಂದೇ ಮಾತನ್ನು ಎರಡು ಸಲ ಬರೆಯಬಾರದು ಎಂಬ ಸೂತ್ರಕ್ಕೆ ನಮ್ಮವರು ‘ಡ್ರೈ’ ಎನ್ನುತ್ತಾರೆ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರ ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ಹೇಳಿದ್ದು. ಎರಡನ್ನೂ ಕೂಡಿಸಿ ಒಂದೇ ಲೆಕ್ಕ ಮಾಡಿ, ಹೆಸರು ‘ಚೀಲದ ಖರ್ಚು’ ಎಂದಿಟ್ಟೆ. ನೋಡಲು ಬಹಳ ಚೊಕ್ಕ.

ಮುಂದಿನ ವರ್ಷ ಹಮಾಲಿ ದರ ಏರಿತು, ತೂಕದ್ದು ಏರಲಿಲ್ಲ. ಒಂದು ‘ಇದ್ದರೆ’ ಸೇರಿಸಿದೆ. ಆಮೇಲೆ ಸಣ್ಣ ಚೀಲಕ್ಕೆ ಹಮಾಲಿ ಬೇರೆಯಾಯಿತು, ಇನ್ನೊಂದು ‘ಇದ್ದರೆ’. ಮಳೆ ಬಂದು ಚೀಲಗಳನ್ನು ಒಳಗೆ ಹೊರಗೆ ಎರಡು ಸಲ ಹೊತ್ತ ದಿನ ಹಮಾಲರು ಹೆಚ್ಚಿನ ಕೂಲಿ ಕೇಳಿದರು, ಅದು ನ್ಯಾಯವೇ ಆಗಿತ್ತು. ಆ ದಿನಕ್ಕೆ ಮೂರನೆಯ ‘ಇದ್ದರೆ’ ತುರುಕಿದ್ದು ತೂಕದ ಖರ್ಚನ್ನೂ ಏರಿಸಿಬಿಟ್ಟಿತು. ನಲವತ್ತು ಚಿಲ್ಲರೆ ಪಟ್ಟಿ ತಪ್ಪು ಹೋದವು. ಕಾಕಾ ಒಂದೊಂದಕ್ಕೂ ಕಿರ್ದಿಯಲ್ಲಿ ತಿರುಗುಮುರುಗು ಸಾಲು ಬರೆದರು. ನಾನು ಪಕ್ಕದಲ್ಲಿ ಕೂತು ನಂಬರು ಓದಿ ಹೇಳಿದೆ. ಬೈಯಲಿಲ್ಲ. “ಹಮಾಲಿ ಬೆನ್ನಿಂದು, ತೂಕ ಕಾಟಾದ್ದು. ಎರಡೂ ಒಂದ ಹ್ಯಾಂಗ ಆಗ್ತಾವ?” ಎಂದರು ಅಷ್ಟೆ.

ಆಮೇಲೆ ತಿಳಿದದ್ದು: ಹಂಟ್ ಮತ್ತು ಥಾಮಸ್ ಹೇಳಿದ್ದು ಸಾಲುಗಳ ಬಗ್ಗೆ ಅಲ್ಲವೇ ಅಲ್ಲ, ತಿಳಿವಳಿಕೆಯ ಬಗ್ಗೆ. ಒಂದು ಸಂಗತಿ ತಂತ್ರಾಂಶದಲ್ಲಿ ಎರಡು ಕಡೆ ದಾಖಲಾಗಿರಬಾರದು ಎಂಬುದು ಅವರ ಮಾತು. ನೋಡಲು ಒಂದೇ ಥರ ಇರುವ ಎರಡು ಸಂಗತಿಗಳನ್ನು ಗಂಟು ಹಾಕಿ ಎಂದು ಅವರು ಹೇಳಿರಲಿಲ್ಲ. ಜನ ತಪ್ಪು ತಿಳಿದದ್ದನ್ನು ನೋಡಿ 2019ರ ಪರಿಷ್ಕೃತ ಆವೃತ್ತಿಯಲ್ಲಿ ಅವರೇ ಇದನ್ನು ಬಿಡಿಸಿ ಹೇಳಬೇಕಾಯಿತು.

ಈ ಕಸುಬಿನಲ್ಲಿ ಹೀಗಾದದ್ದು ಇದೊಂದೇ ಅಲ್ಲ. ಎಂಜಿನಿಯರಿಂಗ್ ಹುಡುಗರು ಬಾಯಿಪಾಠ ಮಾಡುವ ‘ವಾಟರ್‌ಫಾಲ್’ ಮಾದರಿ, ಅಂದರೆ ಮೊದಲು ಬೇಡಿಕೆ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಕಡೆಗೆ ಪರೀಕ್ಷೆ, ಮೇಲಿಂದ ಕೆಳಕ್ಕೆ ಧುಮ್ಮಿಕ್ಕುವ ಆ ಚಿತ್ರ, ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧದ್ದು. ಅದರಲ್ಲಿ ‘ವಾಟರ್‌ಫಾಲ್’ ಎಂಬ ಪದವೇ ಇಲ್ಲ. ಚಿತ್ರ ಕೊಟ್ಟ ಬೆನ್ನಿಗೇ ರಾಯ್ಸ್ ಹೀಗೆ ಮಾಡಿದರೆ ಅಪಾಯ ಎಂದು ಎಚ್ಚರಿಸಿ, ಹಿಂದೆ ಮುಂದೆ ಓಡಾಡುವ, ಎರಡು ಸಲ ಕಟ್ಟಿ ನೋಡುವ ದಾರಿಯನ್ನು ವಿವರಿಸುತ್ತಾನೆ. ಜಗತ್ತು ಚಿತ್ರ ನೋಡಿತು, ಮುಂದಿನ ಪುಟ ತಿರುವಲಿಲ್ಲ. 1968ರಲ್ಲಿ ಡೈಕ್‌ಸ್ಟ್ರಾ ಕೋಡಿನಲ್ಲಿ ಬೇಕೆಂದ ಕಡೆಗೆ ನೆಗೆಸುವ ‘ಗೋಟು’ ಆದೇಶದ ವಿರುದ್ಧ ಬರೆದ ಪತ್ರಕ್ಕೆ ಉಗ್ರ ಶೀರ್ಷಿಕೆ ಕೊಟ್ಟವನು ಸಂಪಾದಕ ನಿಕ್ಲಾಸ್ ವಿರ್ತ್. ಅದನ್ನು ಓದಿ ಒಂದು ತಲೆಮಾರೇ ಗೋಟು ಕಂಡರೆ ಮೈಲಿಗೆ ಎಂದಿತು. 1974ರಲ್ಲಿ ಡೊನಾಲ್ಡ್ ಕ್ನೂತ್ ತಾಳ್ಮೆಯಿಂದ ಉದ್ದನೆಯ ಪ್ರಬಂಧ ಬರೆದು, ಗೋಟು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಬಿಡಿಸಿ ತೋರಿಸಿದ. ತಮಾಷೆ ಎಂದರೆ ಮಡಿ ಬಿಡಿಸಲು ಬರೆದ ಆ ಪ್ರಬಂಧದಿಂದಲೇ ಜನ ಹೊಸದೊಂದು ಮಡಿ ಹೆಕ್ಕಿಕೊಂಡರು, ವೇಗದ ಚಿಂತೆ ಮೊದಲೇ ಮಾಡಬಾರದು ಎಂಬುದು. ನೂರಕ್ಕೆ 97 ಸಲ ಚಿಲ್ಲರೆ ವೇಗಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಉಳಿದ 3ರಲ್ಲಿ ಮಾತ್ರ ಅವಕಾಶ ಬಿಡಬೇಡಿ ಎಂಬುದು ಕ್ನೂತನ ಮಾತಿನ ತಾತ್ಪರ್ಯ. ಆ 3 ಎಲ್ಲರ ನೆನಪಿನಿಂದ ಉದುರಿಹೋಯಿತು. ನನ್ನ ನೆನಪಿನಿಂದಲೂ. ನಮ್ಮ ಅಂಗಡಿಯಲ್ಲಿ ಆ 3 ಯಾವುದೆಂದರೆ ಮಾರ್ಕೆಟ್ ದಿನದ ಸಂಜೆ ಆರು ಗಂಟೆ. ಪಟ್ಟಿ ಕೈಗೆ ಬಂದರೆ ರೈತ ಕಡೆಯ ಬಸ್ಸು ಹಿಡಿಯುತ್ತಾನೆ, ಇಲ್ಲದಿದ್ದರೆ ಚೀಲದ ಮೇಲೇ ಮಲಗುತ್ತಾನೆ. ನನ್ನ ತಂತ್ರಾಂಶ ಪ್ರತಿ ಪಟ್ಟಿಗೂ ಇಡೀ ವರ್ಷದ ಸಾಲುಗಳನ್ನು ಮೊದಲಿಂದ ಓದುತ್ತಿತ್ತು. ಆಷಾಢದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಫೆಬ್ರುವರಿಯಲ್ಲಿ ಗೊತ್ತಾಯಿತು.

ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಎಂಬುದಂತೂ ಇಲ್ಲಿ ಕಾಲಿಡಲೇ ಇಲ್ಲ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ತಾಣದಲ್ಲಿ 17 ಜನ ಕೂತು ‘ಅಜೈಲ್’ ಘೋಷಣೆ ಬರೆದರು. ಅದರಲ್ಲಿ ಒಳ್ಳೆಯ ಮಾತುಗಳಿವೆ. ಪದ್ಧತಿಗಿಂತ ಮನುಷ್ಯರು ಮುಖ್ಯ ಎಂದು ಶುರುವಾದದ್ದು ಆಮೇಲೆ ಪ್ರಮಾಣಪತ್ರ ಕೊಡುವ ಪದ್ಧತಿಯಾದದ್ದು ಅವರ ತಪ್ಪಲ್ಲ. ಮೆಣಸಿನಕಾಯಿ ಪೇಟೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಗುಂಡಿಯೊಂದರ ಜಾಗ ಬದಲಿಸಿದರೂ ಕಾಕಾನ ಕೈ ತಪ್ಪುತ್ತದೆ. ನಮ್ಮ ಬಿಡುಗಡೆ ವರ್ಷಕ್ಕೆ ಎರಡೇ: ಮಳೆಗಾಲದಲ್ಲಿ ದೊಡ್ಡದು, ದೀಪಾವಳಿಗೆ ಹೊಸ ಕಿರ್ದಿಯ ಜೊತೆ ಸಣ್ಣದು.

ಇನ್ನೊಂದು ನಂಬಿಕೆ ಎಷ್ಟು ಆಳದಲ್ಲಿದೆಯೆಂದರೆ ಅದನ್ನು ನಂಬಿಕೆ ಎಂದು ಯಾರೂ ಗುರುತಿಸುವುದಿಲ್ಲ. ಅಕ್ಷರವೊಂದಕ್ಕೆ ಜಾಗವೊಂದು ಎಂಬುದು. ಊರ ಹೆಸರಿಗೆ ನಾನು 20 ಬೈಟ್ ಜಾಗ ಇಟ್ಟಿದ್ದೆ. ಇಂಗ್ಲಿಷಿಗೆ ಧಾರಾಳ. ‘ಬ್ಯಾಡಗಿ’ ಎಂದು ಕನ್ನಡದಲ್ಲಿ ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಎಣಿಕೆಯಲ್ಲಿ ಅದು ಏಳು: ಬ, ವಿರಾಮ, ಯ, ತಲಕಟ್ಟಿನ ದೀರ್ಘ, ಡ, ಗ, ಗುಡಿಸು. ಒಂದೊಂದಕ್ಕೆ ಮೂರು ಬೈಟ್, ಒಟ್ಟು 21. ಒಂದು ಬೈಟ್ ಸಾಲದೆ ಊರಿನ ಗುಡಿಸು ಕಳಚಿಬಿತ್ತು, ‘ಬ್ಯಾಡಗ’ ಆಗಿ, ಅದರ ಬಾಲಕ್ಕೊಂದು ಚೌಕಾಕಾರದ ಕಲೆ ಅಂಟಿಕೊಂಡಿತು. ‘ಹಾವೇರಿ’ 18 ಬೈಟಿನಲ್ಲಿ ಪಾರಾಗಿತ್ತು. ‘ರಾಣೆಬೆನ್ನೂರು’ 36, ಅರ್ಧ ಊರೇ ಹೋಯಿತು. ರೈತರಿಗೆ ಎಸ್ಸೆಮ್ಮೆಸ್ ಕಳಿಸಲು ಹೋದಾಗ ಮತ್ತೆ ಅದೇ ಗೋಳು. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70, ಅದೂ ಕೊಂಬು ಗುಡಿಸು ಎಲ್ಲ ಸೇರಿ. ಲಾಟು, ತೂಕ, ದರ, ಖರ್ಚು, ನಿವ್ವಳ ಎಂದು ಬರೆಯುವಷ್ಟರಲ್ಲಿ ಎರಡು ಸಂದೇಶದ ದುಡ್ಡು. ಇಂಗ್ಲಿಷಿನಲ್ಲೇ ಕಳಿಸಿಬಿಡಿ ಎಂದು ಸಲಹೆ ಕೊಟ್ಟವರಿದ್ದರು. ಪಟ್ಟಿ ಓದಿಸಿಕೊಳ್ಳಲು ಇನ್ನೊಬ್ಬರ ಹತ್ತಿರ ಹೋಗುವ ರೈತನಿಗೆ ಆ ಸಂದೇಶ ಯಾಕೆ ಎಂದು ನಾನು ಒಪ್ಪಲಿಲ್ಲ. ಆ ಒಂದು ವಿಷಯದಲ್ಲಿ ಹಟ ಮಾಡಿದ್ದಕ್ಕೆ ಇವತ್ತಿಗೂ ಖುಷಿಯಿದೆ.

ಹೆಸರಿನದೂ ಹೀಗೇ. ಮೊದಲ ಹೆಸರು, ಕೊನೆಯ ಹೆಸರು, ಎರಡೂ ಕಡ್ಡಾಯ ಎಂಬ ಫಾರ್ಮು ನಮ್ಮ ಕಡೆ ಒಂದು ಲೆಕ್ಕಕ್ಕೆ ನಡೆಯುತ್ತದೆ. ಇಲ್ಲಿ ಅಡ್ಡಹೆಸರುಗಳಿವೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿರೇಮಠ, ಹಾವೇರಿ. ಅದೇ ಫಾರ್ಮು ತುಂಗಭದ್ರೆ ದಾಟಿ ಮೈಸೂರು ಸೀಮೆಗೆ ಹೋದರೆ ಇನಿಷಿಯಲ್ ಹೊತ್ತವರು ಕೊನೆಯ ಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ ಕೂರುತ್ತಾರೆ. ಒಂದೇ ರಾಜ್ಯ, ನಡುವೆ ಒಂದು ಹೊಳೆ.

ರಾಣೆಬೆನ್ನೂರಿನಲ್ಲಿ ಬೆಳೆದವನಿಗೆ ಇದೆಲ್ಲ ಮೊದಲೇ ತಿಳಿಯಬೇಕಿತ್ತು. ಇದು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ, ಟೊಮೆಟೊ, ಮೆಣಸಿನ ಹೈಬ್ರಿಡ್ ಬೀಜ ಬೆಳೆದು ಕಂಪನಿಗಳಿಗೆ ಕೊಡುವವರು ಲೆಕ್ಕವಿಲ್ಲದಷ್ಟು ಮಂದಿ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಹತ್ತಿಯ ಕಾಲದಿಂದ ಕ್ರಾಸಿಂಗ್ ಎಂಬ ಪದ ಈ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಿದೆ. ಹತ್ತಿಯ ಹೊಲದಲ್ಲಿ ಸಂಜೆ ಮೊಗ್ಗಿನ ಗಂಡು ಭಾಗವನ್ನು ಉಗುರಿನಿಂದ ಬಿಡಿಸಿ ತೆಗೆಯುತ್ತಾರೆ, ಗುರುತಿಗೆ ಬಣ್ಣದ ಕಾಗದ ಸಿಕ್ಕಿಸುತ್ತಾರೆ, ಮರುದಿನ ಬೆಳಗ್ಗೆ ಬೇರೆ ಸಾಲಿನ ಹೂವು ತಂದು ಪರಾಗ ಮುಟ್ಟಿಸುತ್ತಾರೆ. ಹಾಗೆ ಬಂದ ಬೀಜ ಬಿತ್ತಿದರೆ ಮೊದಲ ವರ್ಷ ಗಿಡವೆಲ್ಲ ಒಂದೇ ಎತ್ತರ, ಒಂದೇ ಕಳೆ. ಆಸೆಗೆ ಬಿದ್ದು ಆ ಬೆಳೆಯ ಬೀಜವನ್ನೇ ಕಟ್ಟಿಟ್ಟು ಮರುವರ್ಷ ಬಿತ್ತಿದರೆ ಒಂದು ಉದ್ದ, ಒಂದು ಗಿಡ್ಡ, ಒಂದಕ್ಕೆ ಕಾಯಿ, ಒಂದಕ್ಕೆ ಬರೀ ಎಲೆ. ತಂದೆ ತಾಯಿ ಸಾಲುಗಳು ನಿಮ್ಮ ಹತ್ತಿರ ಇಲ್ಲ, ಇರುವುದು ಫಲ ಮಾತ್ರ.

ದೊಡ್ಡ ಕಂಪನಿಯ ಪದ್ಧತಿಯನ್ನು ಮನೆಗೆ ತಂದು ಬಿತ್ತಿದ ನನ್ನ ಕಥೆ ಅದೇ. ಎಲ್ಲರೂ ಮೈಕ್ರೋಸರ್ವಿಸ್ ಎನ್ನುತ್ತಿದ್ದ ಕಾಲ. ಸಾವಿರಾರು ಎಂಜಿನಿಯರುಗಳು ಒಂದೇ ಕೋಡಿನಲ್ಲಿ ಒಬ್ಬರನ್ನೊಬ್ಬರು ತುಳಿದಾಡಿ ಸಾಕಾಗಿ ಕಂಡುಕೊಂಡ ಉಪಾಯ ಅದು. ನಮ್ಮಲ್ಲಿ ಎಂಜಿನಿಯರು ನಾನೊಬ್ಬನೇ, ನನ್ನನ್ನು ತುಳಿಯಲು ಯಾರಿದ್ದರು? ಆದರೂ ಅಂಗಡಿಯ ತಂತ್ರಾಂಶವನ್ನು ಐದು ತುಂಡು ಮಾಡಿದೆ. ಐದೂ ಓಡುತ್ತಿದ್ದದ್ದು ಮೇಜಿನ ಕೆಳಗಿನ ಒಂದೇ ಕಂಪ್ಯೂಟರಿನಲ್ಲಿ. ಕರೆಂಟು ಹೋಗಿ ಬಂದಾಗ ಮೂರು ಏಳುತ್ತಿದ್ದವು, ಎರಡು ಏಳುತ್ತಿರಲಿಲ್ಲ. ತೂಕ ಬರುತ್ತಿತ್ತು, ದರ ಬರುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಐದನ್ನೂ ಮತ್ತೆ ಒಂದು ಮಾಡಿದೆ. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದ ತಂಡವೊಂದು ತನ್ನ ವಿಡಿಯೊ ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆಯ ಬಿಡಿಭಾಗಗಳನ್ನು ಒಂದೇ ಕಡೆ ಕೂಡಿಸಿ ಖರ್ಚನ್ನು ಶೇ 90ರಷ್ಟು ಇಳಿಸಿದ್ದಾಗಿ ಬರೆದುಕೊಂಡಾಗ ಲೋಕವೆಲ್ಲ ಬೆರಗಾಯಿತು. ಹಾಗಂತ ಕೂಡಿಸುವುದನ್ನೇ ಮಂತ್ರ ಮಾಡಿಕೊಂಡವರೂ ಮರುದಿನವೇ ಹುಟ್ಟಿದರು.

ನಿಯಮವೆಲ್ಲ ಕೆಟ್ಟದ್ದೆಂದು ಓದುಗರು ತಿಳಿಯಬಾರದು. ನಮ್ಮ ರಾಜ್ಯದ ತಂತ್ರಾಂಶಗಳಲ್ಲೇ ಅತಿ ಬಿಗಿಯಾದ ನಿಯಮವೊಂದಿದೆ, ನನಗೆ ಅದರ ಮೇಲೆ ಗೌರವ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದಾಗ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬುದನ್ನು ತಂತ್ರಾಂಶದೊಳಗೇ ಕೂರಿಸಿದರು. ಹಿಂದಿನವನನ್ನು ಮುಂದೆ ತರಲು ಅಧಿಕಾರಿ ಮನಸ್ಸು ಮಾಡಿದರೂ ಪರದೆ ಬಿಡದು. ಕಾರಣ ಎಲ್ಲರಿಗೂ ಗೊತ್ತಿತ್ತು, ಕಚೇರಿ ಅಲೆದವರಿಗೆಲ್ಲ ಗೊತ್ತಿತ್ತು. ಅದೇ ಭೂಮಿಯ ಇನ್ನೊಂದು ನಂಬಿಕೆ, ಎಲ್ಲ ದಾಖಲೆ ಒಂದೇ ಕಡೆ ಸೇರಿದರೆ ಬಡ ರೈತನಿಗೆ ಒಳಿತು ಎಂಬುದು. ಅದನ್ನು 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಶ್ನಿಸಿದರು. ಬೆಂಗಳೂರಿನ ಸುತ್ತ ಅದರಿಂದ ಸಲೀಸಾದದ್ದು ದೊಡ್ಡ ಕುಳಗಳಿಗೆ ಜಮೀನು ಹುಡುಕುವ ಕೆಲಸ ಎಂಬುದು ಅವರ ವಾದ. ಸರದಿಯ ನಿಯಮ ಒಂದು ನೋವಿಗೆ ಹಚ್ಚಿದ ಮುಲಾಮು. ಒಂದೇ ಕಡೆ ಎಂಬುದು ಎಲ್ಲ ನೋವಿಗೂ ಒಂದೇ ಮುಲಾಮು.

2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಏನಾಯಿತು ಎಂಬುದು ಪತ್ರಿಕೆ ಓದುವವರಿಗೆ ನೆನಪಿರುತ್ತದೆ. ದರ ಒಮ್ಮೆಲೇ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಲೆ ಬೀಳಲು ಪೇಟೆಯದೇ ಕಾರಣಗಳಿರುತ್ತವೆ, ಆ ಬೆಂಕಿಯ ಹೊಣೆಯನ್ನು ಕಂಪ್ಯೂಟರಿಗೆ ಕಟ್ಟುವುದು ಅನ್ಯಾಯ. ಆದರೆ ತಂತ್ರಾಂಶ ಬರೆಯುವವನಾಗಿ ಆ ದಿನ ನನ್ನನ್ನು ಬಿಡದೆ ಕಾಡಿದ್ದು ಒಂದೇ. ಇ-ಟೆಂಡರಿನ ಪರದೆ ‘ಎಷ್ಟು’ ಎಂಬುದನ್ನು ಚೊಕ್ಕವಾಗಿ ಹೇಳುತ್ತದೆ. ‘ಯಾಕೆ’ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಪಾರದರ್ಶಕ ಎಂದರೆ ಅಂಕಿ ಎಲ್ಲರಿಗೂ ಕಾಣಬೇಕು ಎಂದು ನಾವು ಅಂದುಕೊಂಡಿದ್ದೇವೆ. ರಾತ್ರಿಯೆಲ್ಲ ಲಾರಿಯಲ್ಲಿ ಕೂತು ಬಳ್ಳಾರಿ, ರಾಯಚೂರು ಕಡೆಯಿಂದ ಬಂದವನಿಗೆ ಅಂಕಿ ಕಂಡಿತ್ತು. ಕಂಡದ್ದೇ ಸಾಕಾಗಲಿಲ್ಲ. ಎಷ್ಟು ಮಂದಿ ನನ್ನ ಲಾಟು ನೋಡಿದರು, ಎಷ್ಟು ಮಂದಿ ದರ ಹಾಕಿದರು, ಹಸಿ ಇದೆ ಎಂದರೋ, ಬಣ್ಣ ಸಾಲದು ಎಂದರೋ? ಚೀಲಕ್ಕೆ ಇಳಿದ ಆ ಕೈಗೆ ಇದೆಲ್ಲ ಗೊತ್ತು. ಅದು ಬರೆದದ್ದು ಒಂದು ಅಂಕಿ ಮಾತ್ರ. ಇಪ್ಪತ್ತು ಕಾಲಮ್ಮು ಬೇಡ ಎಂದು ಮೇಲೆ ಹೇಳಿದವನು ನಾನೇ. ಒಂದಾದರೂ ಬೇಕಿತ್ತೇನೋ ಎಂದು ಈಗ ಅನ್ನಿಸುತ್ತದೆ, ಅದು ಯಾವುದು ಎಂದು ಮಾತ್ರ ಇನ್ನೂ ಹೊಳೆದಿಲ್ಲ.

ಈಚೆಗೆ ನನ್ನದೊಂದು ಅಭ್ಯಾಸವಿದೆ. ಕೋಡಿನಲ್ಲಿ ಎಲ್ಲಿ ರೂಢಿ ಮುರಿಯುತ್ತೇನೋ, ಎಲ್ಲಿ ಪಾಲಿಸುತ್ತೇನೋ, ಎರಡೂ ಕಡೆ ಕಾರಣವನ್ನು ಕನ್ನಡದಲ್ಲೇ ಬರೆದಿಡುತ್ತೇನೆ. ಹಮಾಲಿಯ ಲೆಕ್ಕದ ಮೇಲೆ ಹೀಗಿದೆ: ‘ಕೆಳಗಿನ ಎರಡು ಲೆಕ್ಕ ಒಂದೇ ಥರ ಕಾಣುತ್ತವೆ, ಕೂಡಿಸಬೇಡಿ. ಹಮಾಲಿ ಬೆನ್ನಿನದು, ತೂಕ ಕಾಟಾದ್ದು.’

ಹೋದ ತಿಂಗಳು ಹಾವೇರಿಯಿಂದ ಒಬ್ಬ ಹುಡುಗ ಕೆಲಸಕ್ಕೆ ಸೇರಿದ್ದಾನೆ. ಈಗತಾನೆ ಕಾಲೇಜು ಮುಗಿಸಿದವನು, ಚುರುಕು. ವಾಟರ್‌ಫಾಲಿನ ಹಂತಗಳನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾನೆ. ಮೊನ್ನೆ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ.

“ಸರ್, ಹಮಾಲಿ ಮತ್ತ ತೂಕದ್ದು ಎರಡೂ ಒಂದ ಲೆಕ್ಕ ಐತ್ರಿ. ಕೂಡಿಸ್ಲೇನ್ರಿ?”

“ಮ್ಯಾಲ ಏನು ಬರದೀನಿ ಓದಿದಿ?”

“ಓದಿದ್ನಿರಿ. ನಮ್ಮ ಅಂಗಡೀದು ನಾಲ್ಕು ವರ್ಷದ ಡೇಟಾ ತಗದು ನೋಡಿದ್ನಿರಿ. ಎರಡೂ ದರ ಒಂದ ದಿನ ಬದಲಾಗ್ಯಾವ, ಒಂದ ಪ್ರಮಾಣದಾಗ ಏರ್ಯಾವ. ನೀವು ಬರದ ಕಾರಣ ಈಗ ಇಲ್ಲ ಅನ್ನಸ್ತೈತ್ರಿ.”

ಅವನ ಪರದೆಯನ್ನು ಎರಡು ಸಲ ನೋಡಿದೆ. ಹುಡುಗ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ದರ ಒಂದಾಗಿ ಏರಿದ್ದು ಯಾಕೆ, ಇನ್ನು ಮುಂದೆಯೂ ಹಾಗೇ ನಡೆಯುತ್ತದೋ, ಇಲ್ಲ ನಾಲ್ಕು ವರ್ಷ ಹಾಗೆ ಕೂಡಿಬಂತೋ ಎಂಬುದು ಕೋಡಿನಲ್ಲಿ ಇರಲಿಲ್ಲ, ಡೇಟಾದಲ್ಲೂ ಇರಲಿಲ್ಲ. ಕಾಕಾ ಈಗ ದಿನವೂ ಅಂಗಡಿಗೆ ಬರುವುದಿಲ್ಲ, ಮಾರ್ಕೆಟ್ ದಿನ ಮಾತ್ರ ಬಂದು ಗಾದಿಯ ಮೂಲೆಯಲ್ಲಿ ಕೂರುತ್ತಾರೆ. ಗುರುವಾರ ಮುಂಜಾನೆ ಬ್ಯಾಡಗಿ ಬಸ್ಸಿಗೆ ಹುಡುಗನನ್ನೂ ಹತ್ತಿಸಿಕೊಂಡು ಹೊರಟೆ. ಟವೆಲ್ ತಗೊಂಡು ಬಾ ಎಂದು ಹೇಳಲು ಮರೆತಿದ್ದೆ. ಪೇಟೆಯ ಗೇಟಿನಲ್ಲೇ ಅವನಿಗೆ ಕೆಮ್ಮು ಶುರುವಾಯಿತು.